ಮಕ್ಕಳ ಎತ್ತರದ ಗೋಡೆ

ಮಲೆನಾಡಿನ ಮಕ್ಕಳು ಹಿಂದೆ ಹಸೆ ಚಿತ್ತಾರದ ಗೋಡೆಯ ಮುಂದೆ ಕುಳಿತು ಎಣಿಕೆಯನ್ನೂ ಆಕಾರಗಳನ್ನೂ ಕಲಿಯುತ್ತಿದ್ದರು ಎಂದು ಈಚೆಗೆ ಬಹಳ ಜನ ಹೇಳುತ್ತಾರೆ. ಕಿರುಹೊತ್ತಗೆಗಳಲ್ಲಿ ಅಚ್ಚು ಹಾಕಿಸುತ್ತಾರೆ, ಅಂಗನವಾಡಿ ಶಿಕ್ಷಕಿಯರ ತರಬೇತಿಗಳಲ್ಲಿ ಪರದೆಯ ಮೇಲೆ ತೋರಿಸುತ್ತಾರೆ. ಆ ಮಕ್ಕಳಲ್ಲಿ ನಾನೂ ಒಬ್ಬಳು. ಚಿತ್ತಾರದ ಗೋಡೆಯ ಮುಂದೆ ನಾನು ಕಲಿತದ್ದು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲುವುದನ್ನು ಮಾತ್ರ.

ನನ್ನ ತವರು ಸಾಗರದ ಕಡೆ. ಗೇಣಿಗೆ ಗದ್ದೆ ಮಾಡುತ್ತಿದ್ದ ಮನೆ. ನನ್ನ ಮದುವೆಯ ಹೊತ್ತಿಗೆ ಭೂಮಿ ನಮ್ಮ ಹೆಸರಿಗೆ ಬಂದಿತ್ತು. ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ದೊಡ್ಡಮ್ಮ ಗೋಡೆಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಗೆರೆ ಎಳೆಯುತ್ತಿದ್ದಳು. ಉಸಿರು ಬಿಗಿಹಿಡಿದು ಎಳೆಯುವ ಗೆರೆ ಅದು. ಮಕ್ಕಳು ಹತ್ತಿರ ಸುಳಿದರೆ ಬೆರಳ ಗೆಣ್ಣಿನಿಂದ ಮಂಡೆಗೆ ಒಂದು ಪೆಟ್ಟು ಬೀಳುತ್ತಿತ್ತು. "ಕೈ ಹಿಂದೆ ಇಟ್ಕಂಡ್ ನೋಡ್ರೇ, ಕಣ್ಣಿಗೆ ಎಂತ ದಾಡಿ" ಎನ್ನುತ್ತಿದ್ದಳು. ಅವಳ ಕಲೆಯ ಬಗ್ಗೆ ನನಗೆ ಗೌರವವಿದೆ. ಅವಳ ಮೇಲೆ ದೂರೂ ಇಲ್ಲ, ಮದುವೆಯ ಗೋಡೆ ಮಕ್ಕಳ ಆಟಕ್ಕಲ್ಲ. ಆದರೆ ಅದನ್ನು ಮಕ್ಕಳ ಪಾಠಶಾಲೆ ಎಂದು ಕರೆಯುವವರು ಆ ಪೆಟ್ಟನ್ನು ತಿಂದವರಲ್ಲ.

ನಾನು ಕಲಿತ ಗೋಡೆ ಬೇರೆ. ನಾಲ್ಕನೆಯ ತರಗತಿಗೆ ನನ್ನ ಶಾಲೆ ನಿಂತಿತು. ಸಂತೆಯಿಂದ ಬೆಲ್ಲ ಕಟ್ಟಿ ತಂದ ಹಳೆಯ ಪತ್ರಿಕೆಯ ತುಂಡುಗಳನ್ನು ಬಿಡಿಸಿ, ಅದರಲ್ಲಿದ್ದ ಅಕ್ಷರಗಳನ್ನು ಕೊಟ್ಟಿಗೆಯ ಹಿಂಬದಿಯ ಗೋಡೆಯ ಮೇಲೆ ಇದ್ದಿಲಿನಿಂದ ನಕಲು ಮಾಡುತ್ತಿದ್ದೆ. ಅದು ಯಾರಿಗೂ ಬೇಡವಾದ ಗೋಡೆ, ಆದ್ದರಿಂದ ನನ್ನದು. ನನ್ನ ತಂಗಿ ನಾನು ಬರೆದುದರ ಪಕ್ಕದಲ್ಲಿ ಎಮ್ಮೆಯ ಚಿತ್ರ ಬಿಡಿಸುತ್ತಿದ್ದಳು. ಪಕ್ಕದ ಮನೆಯ ಹುಡುಗಿ ಬಂದು ಆ ಎಮ್ಮೆಗೊಂದು ಕರು ಬರೆದುಕೊಡುತ್ತಿದ್ದಳು. ಭೂಮಿ ಹುಣ್ಣಿಮೆಯ ಹಬ್ಬಕ್ಕೆ ಮೊದಲು ಕೊಟ್ಟಿಗೆಗೂ ಕೆಮ್ಮಣ್ಣು ಬಳಿದಾಗ ಎಲ್ಲವೂ ಮುಚ್ಚಿಹೋಗುತ್ತಿತ್ತು. ಅದಕ್ಕಾಗಿ ನಾವು ಅತ್ತ ನೆನಪಿಲ್ಲ. ಒಳಗಿನ ಚಿತ್ತಾರವನ್ನೂ ದೊಡ್ಡಮ್ಮ ಹೀಗೆಯೇ ನಿರ್ದಾಕ್ಷಿಣ್ಯವಾಗಿ ಮುಚ್ಚುತ್ತಿದ್ದಳು. ನಮ್ಮ ಕಡೆ ಗೋಡೆ ಎಂದರೆ ಅಳಿಸಿ ಮತ್ತೆ ಬರೆಯುವಂಥದ್ದು.

ಇಷ್ಟನ್ನು ಮೊದಲೇ ಹೇಳಿದ್ದು, ಮುಂದಿನದರಲ್ಲಿ ನನಗೇಕೆ ಅಷ್ಟು ಸಿಟ್ಟು ಬಂತು ಎಂಬುದು ತಿಳಿಯಲೆಂದು.

ನಾನು ಈಗ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಹುಂಚಕ್ಕೆ ಹೋಗುವ ಬಸ್ಸು ಕೈಮರದಲ್ಲಿ ಜನರನ್ನು ಇಳಿಸಿ ಹೋಗುವ ಒಂದು ಊರಿನಲ್ಲಿ. ನಮ್ಮ ಅಂಗನವಾಡಿಯ ಸಮಿತಿಗೆ ಹಿರಿಯಳೆಂದು ನನ್ನನ್ನು ಹಾಕಿದ್ದಾರೆ. ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತೇನೆಂದು ಅಂದುಕೊಂಡಿದ್ದಿರಬೇಕು. ಶಿಕ್ಷಕಿ ತೀರ್ಥಹಳ್ಳಿಯ ಕಡೆಯ ಹೆಣ್ಣುಮಗಳು, ನಮ್ಮೂರಿಗೆ ಸೊಸೆಯಾಗಿ ಬಂದವಳು. ಆಕೆ ಕೆಲಸಕ್ಕೆ ಸೇರಿದಾಗ ಅಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಯ ತುಂಬ ಆಟಿಕೆಗಳಿದ್ದವು, ಪೆಟ್ಟಿಗೆಗೆ ಬೀಗವಿತ್ತು. ಮುರಿದರೆ ಮೇಲಿನವರಿಗೆ ಉತ್ತರ ಕೊಡಬೇಕು; ಆದ್ದರಿಂದ ಮಕ್ಕಳಿಗೆಂದು ಬಂದ ವಸ್ತುಗಳನ್ನು ಮಕ್ಕಳಿಂದ ಕಾಪಾಡುವುದೇ ಅಲ್ಲಿ ಪದ್ಧತಿಯಾಗಿತ್ತು. ಆಕೆ ಬೀಗ ತೆಗೆದಳು. ಕೆಲವು ಮುರಿದವು. ಆಕಾಶವೇನೂ ಬೀಳಲಿಲ್ಲ.

ಆಕೆ ಮಾಡಿದ ಇನ್ನೊಂದು ಕೆಲಸ ಗೋಡೆಯದು. ಸಿಮೆಂಟಿನ ಒರಟು ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈ ಎಟಕುವಷ್ಟು ಎತ್ತರಕ್ಕೆ ಕೆಮ್ಮಣ್ಣು ಬಳಿದು, ಶೇಡಿಮಣ್ಣಿನ ಬಿಳಿಯ ಉಂಡೆಗಳನ್ನೂ ಇದ್ದಿಲನ್ನೂ ಅಡಕೆ ಹಾಳೆಯ ತಟ್ಟೆಯಲ್ಲಿಟ್ಟಳು. ಬೇಕಾದವರು ಬರೆಯಬಹುದು. ಶನಿವಾರ ಮಕ್ಕಳೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು, ಆಕೆ ಹೊಸದಾಗಿ ಬಳಿಯುತ್ತಿದ್ದಳು. ಮಕ್ಕಳು ಮನೆಗೆ ಹೋದ ಮೇಲೆ ಆಕೆ ಗೋಡೆಯ ಎದುರು ನೆಲದ ಮೇಲೆ ಸ್ವಲ್ಪ ಹೊತ್ತು ಕುಳಿತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮರುದಿನ ಏನು ಮಾಡಬೇಕೆಂಬುದನ್ನು ಆಕೆ ತೀರ್ಮಾನಿಸುತ್ತಿದ್ದುದು ಅಲ್ಲಿ.

ಆಕೆಗೆ ಅಚ್ಚಾದ ಒಂದು ವಿಷಯಪಟ್ಟಿ ಇತ್ತು, ವಾರಕ್ಕೊಂದು ವಿಷಯ. ಪುಷ್ಯ ಮಳೆ ಹಿಡಿದು ಹಳ್ಳಗಳೆಲ್ಲ ಕೆಂಪಾಗಿ ಹರಿಯುವ ವಾರಕ್ಕೆ ಅದರಲ್ಲಿ ಇದ್ದುದು ವಾಹನಗಳು: ರೈಲು, ಹಡಗು, ವಿಮಾನ. ಆಕೆ ಪಟ್ಟಿಯನ್ನು ಧಿಕ್ಕರಿಸುವವಳಲ್ಲ. ಬೆಳಿಗ್ಗೆ ರೈಲಿನ ಹಾಡು ಹೇಳಿಸಿದಳು. ಆದರೆ ಆ ದಿನ ಹಳ್ಳದಾಚೆಯ ಮನೆಯ ಹುಡುಗಿ ಗೋಡೆಯ ಮೇಲೆ ಹಳ್ಳ ದಾಟುವ ಒಂದು ಕಾಲುಸಂಕ ಬರೆದಿದ್ದಳು, ಒಂದು ಬದಿಗೆ ಮಾತ್ರ ದಡ. ಮರುದಿನ ಇನ್ನೊಂದು ಮಗು ಅದರ ಕೆಳಗೆ ನೀರು ಸುರಿಸಿತು, ಮತ್ತೊಂದು ಮಗು ಆಚೆ ದಡವನ್ನೂ ಅಲ್ಲಿ ಕೊಡೆ ಹಿಡಿದ ಅಜ್ಜಿಯನ್ನೂ ನಿಲ್ಲಿಸಿತು. ಶಿಕ್ಷಕಿ ಬೆಂಚಿನ ಹಲಗೆಯನ್ನು ಇಟ್ಟಿಗೆಗಳ ಮೇಲಿಟ್ಟು ಮಕ್ಕಳನ್ನು ದಾಟಿಸಿದಳು. ಕೈ ಹಿಡಿದು ದಾಟುವವರು, ಹಿಡಿಯದೆ ದಾಟುವವರು, ಉದ್ದ ಹಲಗೆ, ಗಿಡ್ಡ ಹಲಗೆ, ಯಾರು ಮುಂದೆ, ಯಾರು ಹಿಂದೆ. ಎರಡು ದಿನ ಅದೇ ನಡೆಯಿತು. ಹುಡುಗಿ ಹಲಗೆಯ ಮೇಲೆ ನಿಂತು ಹಿಡಿಯಲು ಏನೋ ತಡಕಾಡುತ್ತಿದ್ದುದನ್ನು ನೋಡಿ ವಿಚಾರಿಸಿದರೆ, ಅವರ ಮನೆಯ ಸಂಕದ ಕೈಹಿಡಿ ಕೊಚ್ಚಿಹೋಗಿತ್ತು. ಅದೇ ಸಂಜೆ ಶಿಕ್ಷಕಿ ಹುಡುಗಿಯ ಅಪ್ಪನಿಗೆ ಹೇಳಿ ಕೈಹಿಡಿಗೆ ಹೊಸ ಅಡಕೆ ದಬ್ಬೆ ಕಟ್ಟಿಸಿದಳು. ಪಟ್ಟಿಯ ವಿಮಾನ ಯಾವ ಹಳ್ಳವನ್ನೂ ದಾಟಿಸಲಿಲ್ಲ.

ಹೀಗಿರುವಾಗ ಯಾವುದೋ ಒಂದು ಸಂಸ್ಥೆಯವರು ನಮ್ಮ ಅಂಗನವಾಡಿಯ ಗೋಡೆಗಳಿಗೆ ಉಚಿತವಾಗಿ ಬಣ್ಣ ಹೊಡೆಸಿಕೊಡುವುದಾಗಿ ಬಂದರು. ಅವರ ಕಲಾ ಸಲಹೆಗಾರರು ಸಭೆಯಲ್ಲಿ ಬಹಳ ವಿನಯದಿಂದ ಮಾತನಾಡಿದರು. ಇಲಿ, ಬೆಕ್ಕಿನ ಕಾರ್ಟೂನುಗಳನ್ನು ತಾವು ಬರೆಸುವುದಿಲ್ಲ, ಈ ನೆಲದ ಚಿತ್ತಾರವನ್ನೇ ನೆಲದಿಂದ ಸೂರಿನವರೆಗೆ ಬರೆಸುತ್ತೇವೆ, ಮಕ್ಕಳು ನಿಮ್ಮ ಪೂರ್ವಿಕರ ಹಾಗೆ ಅದನ್ನು ನೋಡುತ್ತ ಕಲಿಯಲಿ ಎಂದರು. ಊರಿನವರಿಗೆ ಸಂತೋಷವಾಯಿತು. ನಮ್ಮದನ್ನು ಹೊರಗಿನವರು ಹೊಗಳಿದರೆ ನಾವು ಬೇಗ ಕರಗುತ್ತೇವೆ. ಶಿಕ್ಷಕಿ ಒಬ್ಬಳೇ ಎದ್ದು ನಿಂತಳು.

"ಸರ್, ಮೇಲೆ ಎಷ್ಟ್ ಬೇಕಾರೂ ಬರೀರಿ. ಕೆಳಗೆ ಮಕ್ಕಳ ಕೈ ಎಟಕಷ್ಟು ಬಿಟ್ಬಿಡಿ. ನಾಳೆ ಎಂತ ಮಾಡ್ಬೇಕು ಅಂತ ನಂಗೆ ಗೊತ್ತಾಗೋದೇ ಅಲ್ಲಿಂದ."

"ಖಾಲಿ ಗೋಡೆ ನೋಡಿ ಮಗು ಏನು ಕಲಿಯುತ್ತೆ ಮೇಡಂ?" ಎಂದರು ಅವರು.

ನಾನು ನೆಟ್ಟಗೆ ಓದಲು ಕಲಿತದ್ದೇ ಖಾಲಿ ಗೋಡೆಯಿಂದ ಎಂದೆ. ಚಿತ್ತಾರದ ಮುಂದೆ ಮಕ್ಕಳನ್ನು ಕೂರಿಸಿ ಕಲಿಸುತ್ತಿದ್ದರೆಂದು ಯಾರು ಹೇಳಿದರು, ಹೇಳಿದವರು ಯಾವ ಮನೆಯಲ್ಲಿ ನೋಡಿದರು ಎಂದೂ ಕೇಳಿದೆ. ಅವರು ನಕ್ಕು, ಹಿರಿಯರ ನೆನಪು ಒಬ್ಬೊಬ್ಬರದು ಒಂದೊಂದು ತರಹ ಇರುತ್ತದೆ, ಸಂಶೋಧನೆ ಅವೆಲ್ಲವನ್ನೂ ಒಟ್ಟಿಗೆ ನೋಡುತ್ತದೆ ಎಂದರು. ನನ್ನ ಮಂಡೆಗೆ ಬಿದ್ದ ಪೆಟ್ಟು ಸಂಶೋಧನೆಯ ಲೆಕ್ಕದಲ್ಲಿ ಬಿದ್ದೇ ಇರಲಿಲ್ಲ. ಸಭೆ ಮುಗಿದ ಮೇಲೆ, ಕೈಯಲ್ಲಿ ಕುಂಚ ಹಿಡಿದು ಗೋಡೆಯ ಮುಂದೆ ಒಂದು ಫೋಟೋಕ್ಕೆ ನಿಲ್ಲಬೇಕೆಂದು ನನ್ನನ್ನೇ ಕೇಳಿದರು. ನನ್ನ ಮಾತು ಬೇಡ, ನನ್ನ ಸುಕ್ಕು ಬೇಕು. ನಾನು ಜೀವಮಾನದಲ್ಲಿ ಚಿತ್ತಾರದ ಒಂದು ಗೆರೆ ಎಳೆದವಳಲ್ಲ ಎಂದು ಹೇಳಿ ಮನೆಗೆ ಬಂದೆ.

ಶಿಕ್ಷಕಿ ತರಬೇತಿಗೆಂದು ತೀರ್ಥಹಳ್ಳಿಗೆ ಹೋಗಿದ್ದಾಗ ಬಣ್ಣದವರು ಬಂದು ಕೆಲಸ ಮುಗಿಸಿದರು. ಆಕೆ ಮರಳಿ ಬಂದು ಬಾಗಿಲು ತೆರೆದಾಗ ನಾನೂ ಜೊತೆಗಿದ್ದೆ. ನೆಲದಿಂದ ಸೂರಿನವರೆಗೆ ಮಣ್ಣಿನ ಬಣ್ಣದ ಆಯಿಲ್ ಪೇಂಟು, ಅದರ ಮೇಲೆ ಬಿಳಿ ಗೆರೆಗಳು, ಎಲ್ಲವೂ ಮಿರಮಿರ ಮಿಂಚುತ್ತಿತ್ತು. ಗೆರೆಗಳು ಚೆನ್ನಾಗಿಯೇ ಇದ್ದವು, ಸುಳ್ಳು ಹೇಳಲಾರೆ. ಶೇಡಿಯ ತಟ್ಟೆಯನ್ನು ಯಾರೋ ಕಿಟಕಿಯ ಮೇಲೆ ಎತ್ತಿಟ್ಟಿದ್ದರು. ಗೋಡೆಯ ಮೇಲೆ ಮಕ್ಕಳು ಏನನ್ನೂ ಗೀಚದಂತೆ ಶಿಕ್ಷಕಿ ಜವಾಬ್ದಾರಿ ವಹಿಸಬೇಕೆಂದು ಸಂಸ್ಥೆಯವರು ಹೇಳಿಹೋಗಿದ್ದರು. ಸ್ವಲ್ಪ ದಿನದಲ್ಲಿ ದಾನಿಗಳು ನೋಡಲು ಬರುವವರಿದ್ದರು. ಶಿಕ್ಷಕಿ ಗೋಡೆಯ ಎದುರು ಎಂದಿನ ಜಾಗದಲ್ಲಿ ಕುಳಿತು, ಕೂಡಲೇ ಎದ್ದಳು.

ಗೀಚದಿರಲು ಮಕ್ಕಳಿಗೆ ಯಾರ ಆಜ್ಞೆಯೂ ಬೇಕಾಗಲಿಲ್ಲ. ಸಂಕ ಬರೆದಿದ್ದ ಹುಡುಗಿ ಬಂದವಳೇ ಮಣೆ ಹತ್ತಿ ಕಿಟಕಿಯ ಮೇಲಿನ ತಟ್ಟೆಯಿಂದ ಇದ್ದಿಲು ತೆಗೆದುಕೊಂಡು ಗೋಡೆಗೆ ಇಟ್ಟಳು. ಅದು ಜಾರಿತು. ಶೇಡಿಯನ್ನು ಒತ್ತಿದಳು, ಅದೂ ಜಾರಿತು. ಉಂಡೆಯನ್ನು ತಿರುಗಿಸಿ ನೋಡಿದಳು, ತಪ್ಪು ಅದರದೇ ಎಂಬಂತೆ.

"ಟೀಚರ್, ಇದು ಬರೀತಿಲ್ಲ."

ಶಿಕ್ಷಕಿ ಸ್ಲೇಟುಗಳನ್ನು ಕೊಟ್ಟಳು. ಸ್ಲೇಟಿನ ಮೇಲೆ ಬರೆದರು. ಆದರೆ ಸ್ಲೇಟು ಒಬ್ಬೊಬ್ಬರದು. ಒಬ್ಬಳ ಸಂಕಕ್ಕೆ ಇನ್ನೊಬ್ಬ ನೀರು ಸುರಿಸಲು ಅಲ್ಲಿ ಜಾಗವಿಲ್ಲ. ಮನೆಗೆ ಹೋಗುವ ಹೊತ್ತಿಗೆ ಎಲ್ಲವೂ ಅಳಿಸಿಹೋಗಿರುತ್ತಿತ್ತು. ಆ ದಿನಗಳಲ್ಲಿ ಆಕೆ ಪಟ್ಟಿಯಲ್ಲಿ ಇದ್ದುದನ್ನಷ್ಟೇ ಮಾಡಿಸಿದಳು. ಹಣ್ಣುಗಳ ವಾರದಲ್ಲಿ ಹಣ್ಣು, ಬಣ್ಣಗಳ ವಾರದಲ್ಲಿ ಬಣ್ಣ. ತಪ್ಪೇನೂ ಇರಲಿಲ್ಲ. ಜೀವವೂ ಇರಲಿಲ್ಲ. ಕೆಲಸ ಸುಲಭವಾಯಿತಲ್ಲ ಎಂದು ಯಾರೋ ಹೇಳಿದ್ದಕ್ಕೆ ಆಕೆ, ಹೌದು, ಈಗ ಯಾರು ಬೇಕಾದರೂ ಬಂದು ಮಾಡಬಹುದು ಎಂದಳಂತೆ. ಆ ಮಾತು ನನ್ನನ್ನು ಇಡೀ ದಿನ ಚುಚ್ಚಿತು.

ಭೂಮಿ ಹುಣ್ಣಿಮೆ ಹತ್ತಿರ ಬಂತು. ಹೆಂಗಸರು ಮನೆಗಳಿಗೆ ಬಳಿಯಲು ಕೆಮ್ಮಣ್ಣು ಕಲಸುವ ದಿನಗಳು ಅವು. ಮಕ್ಕಳ ತಾಯಂದಿರಲ್ಲಿ ಒಬ್ಬಳು, ಹೆಚ್ಚಾದ ಕೆಮ್ಮಣ್ಣನ್ನು ಅಂಗನವಾಡಿಯ ಗೋಡೆಯ ಕೆಳಭಾಗಕ್ಕೆ ಬಳಿದುಬಿಡೋಣ ಎಂದಳು. ಎಲ್ಲರಿಗೂ ಸರಿಯೆನಿಸಿತು, ನನಗಂತೂ ಬಹಳ ಸರಿಯೆನಿಸಿತು. ಕೆಮ್ಮಣ್ಣು ಮುಚ್ಚದ ಗೋಡೆ ಯಾವುದಿದೆ? ಮಸಿ ಹಿಡಿದ ಅಡಿಗೆಮನೆಯನ್ನು ಮುಚ್ಚುತ್ತದೆ, ದೊಡ್ಡಮ್ಮನ ಚಿತ್ತಾರವನ್ನು ಮುಚ್ಚುತ್ತದೆ. ದಾನಿಗಳು ಬಂದರೆ ಹಬ್ಬದ ಪದ್ಧತಿ ಎಂದರಾಯಿತು. ಶಿಕ್ಷಕಿ ಅಳುಕಿದಳು, ಉತ್ತರ ಕೊಡಬೇಕಾದವಳು ಆಕೆ. ಕೊನೆಗೆ ಮಕ್ಕಳ ಎತ್ತರಕ್ಕಷ್ಟೇ ಎಂದು ಒಪ್ಪಿದಳು. ಸಂಜೆಯೊಳಗೆ ಗೋಡೆ ಮೊದಲಿನ ಹಾಗೆ ಮಂಕು ಕೆಂಪಾಗಿ, ಒದ್ದೆಯಾಗಿ, ಪರಿಚಿತವಾಗಿ ಕಂಡಿತು.

ಬೆಳಿಗ್ಗೆ ಬಂದು ನೋಡಿದರೆ ಕೆಮ್ಮಣ್ಣೆಲ್ಲ ಹಪ್ಪಳದ ಚೂರುಗಳಂತೆ ಚಾಪೆಯ ಮೇಲೆ ಬಿದ್ದಿತ್ತು. ಉಳಿದದ್ದು ಅಲ್ಲಲ್ಲಿ ಗೋಡೆಗೆ ಹಕ್ಕಳೆಯಾಗಿ ಅಂಟಿಕೊಂಡಿತ್ತು. ನಮ್ಮ ಜನ ತಲೆಮಾರುಗಳಿಂದ ನೀರು ಕುಡಿಯುವ ಗೋಡೆಗಳಿಗೆ ಬಳಿದವರು. ಕುಡಿಯಲು ಒಲ್ಲೆ ಎನ್ನುವ ಗೋಡೆಯೂ ಇರುತ್ತದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಈ ಗ್ವಾಡಿಗೆ ಬಾಯಾರಿಕೆನೇ ಇಲ್ವಲೇ ಮಾರಾಯ್ತಿ" ಎಂದು ಬಳಿಯಲು ಹೇಳಿದವಳೇ ನಕ್ಕಳು.

ಶಿಕ್ಷಕಿಗೆ ನಗು ಬರಲಿಲ್ಲ. ದಾನಿಗಳು ಎರಡು ದಿನಗಳಲ್ಲಿ ಬರುವವರಿದ್ದರು. ಆಕೆ ಒದ್ದೆ ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಗೆರೆಗಳ ಅಂಚಿನಲ್ಲಿ ಕಚ್ಚಿಕೊಂಡಿದ್ದ ಮಣ್ಣು ಬಟ್ಟೆಗೆ ಬರಲಿಲ್ಲ. ಹಿತ್ತಲಲ್ಲಿ ಗರಗತ್ತಿ ಮರವಿದೆ. ಅದರ ಎಲೆ ಬೆಕ್ಕಿನ ನಾಲಿಗೆಯಷ್ಟು ದೊರಗು, ನಮ್ಮ ಕಡೆ ಮರದ ಸಾಮಾನನ್ನೂ ಕರಿಹಿಡಿದ ಪಾತ್ರೆಯನ್ನೂ ಅದರಲ್ಲೇ ತಿಕ್ಕುತ್ತಿದ್ದೆವು. ಒಬ್ಬಳು ಹೋಗಿ ಎಲೆ ಕೊಯ್ದು ತಂದಳು. ತಿಕ್ಕಿದ ಕಡೆ ಮಣ್ಣು ಹೋಯಿತು, ಅದರ ಜೊತೆಗೆ ಪೇಂಟಿನ ಮಿಂಚೂ ಹೋಯಿತು. ಅಲ್ಲಿ ಅಂಗೈ ಅಗಲದ ಒಂದು ಮಂಕು ಮಚ್ಚೆ ಬಿತ್ತು. ಗೋಡೆ ಹಾಳಾಯಿತೆಂದು ಶಿಕ್ಷಕಿ ತಲೆಗೆ ಕೈಯಿಟ್ಟು ಕುಳಿತಳು.

ಹಳ್ಳದಾಚೆಯ ಹುಡುಗಿ ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು ಶೇಡಿಯ ಉಂಡೆ ತೆಗೆದುಕೊಂಡಿದ್ದನ್ನು ನಾವು ಯಾರೂ ಗಮನಿಸಲಿಲ್ಲ. ಅವಳು ಆ ಮಚ್ಚೆಯ ಮೇಲೆ ಒಂದು ಗೆರೆ ಎಳೆದಳು. ಗೆರೆ ನಿಂತಿತು. ಮಚ್ಚೆಯ ಅಂಚಿನಲ್ಲಿ ಜಾರಿತು. ಮತ್ತೆ ಒಳಗೆ ಎಳೆದಳು, ನಿಂತಿತು. ಶಿಕ್ಷಕಿ ತಲೆಯ ಮೇಲಿನ ಕೈ ತೆಗೆದು ಆ ಗೆರೆಯನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಉತ್ತರ ಹೆಂಗೂ ಕೊಡ್ಬೇಕಲ ಅಜ್ಜಿ. ಒಂದು ಮಚ್ಚೆಗೆ ಕೊಡೋದೂ ಅಷ್ಟೆ, ಪೂರ್ತಿ ಗ್ವಾಡಿಗೆ ಕೊಡೋದೂ ಅಷ್ಟೆ."

ಆ ದಿನ ಪಟ್ಟಿಯಲ್ಲಿ ಏನಿತ್ತೋ ನನಗೆ ತಿಳಿಯದು. ಅಂಗನವಾಡಿಯಲ್ಲಿ ನಡೆದದ್ದು ತಿಕ್ಕುವ ಪಾಠ. ಪ್ರತಿ ಮಗುವಿಗೂ ಒಂದು ಎಲೆ. ದೊಡ್ಡ ಎಲೆ, ಸಣ್ಣ ಎಲೆ, ದೊರಗು ಬದಿ, ನಯ ಬದಿ, ಮೇಲಿನಿಂದ ಕೆಳಗೆ, ಸುತ್ತಲೂ. ತಮ್ಮ ಕೈ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಅವರು ತಿಕ್ಕಿದರು, ಉಳಿದುದನ್ನು ತಾಯಂದಿರು ಒಂದೇ ಮಟ್ಟಕ್ಕೆ ತಂದರು. ಬಿಳಿ ಗೆರೆಗಳು ಮಸುಕಾಗಿ ಹಿಂದೆ ಸರಿದವು, ಕೆಂಪು ಮಂಕಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಗೋಡೆ ಶೇಡಿಯನ್ನು ಸ್ಲೇಟಿಗಿಂತ ಚೆನ್ನಾಗಿ ಹಿಡಿಯುತ್ತಿತ್ತು.

ದಾನಿಗಳೊಂದಿಗೆ ಸಲಹೆಗಾರರು ಬಂದು ಬಾಗಿಲಲ್ಲೇ ನಿಂತರು. ಗೋಡೆಯ ಕೆಳಭಾಗದ ತುಂಬ ಬಸ್ಸು, ನಾಯಿ, ಸಂಕ, ಹೆಸರಿಲ್ಲದ ಸುರುಳಿಗಳು. ಇದೇನು ಎಂದು ಅವರು ಕೇಳಿದರು.

ಶಿಕ್ಷಕಿ ಗೋಡೆಯ ಹತ್ತಿರ ಹೋಗಿ ನಿಂತಳು. "ಮಕ್ಕಳ ಕೈ ಎಟಕಷ್ಟು ಮಾತ್ರ ತೆಗ್ದಿದೀವಿ ಸರ್. ಮೇಲಿಂದೆಲ್ಲ ನಿಮ್ದೇ."

ಸಲಹೆಗಾರರು ಮುಖ ಗಂಟಿಕ್ಕಿದರು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದಾನಿಗಳಲ್ಲಿ ಒಬ್ಬಾಕೆ ನೆಲದ ಮೇಲೆ ಕುಳಿತು, ಹಳ್ಳದಾಚೆಯ ಹುಡುಗಿಯನ್ನು ಇದೇನು ಅದೇನು ಎಂದು ಕೇಳುತ್ತ ಹೋದರು. ಹುಡುಗಿ ಸಂಕದ ಕೈಹಿಡಿಯನ್ನು ತೋರಿಸಿ ಅಪ್ಪ ಕಟ್ಟಿದ್ದು ಎಂದಳು. ಆಮೇಲೆ ಗೋಡೆಯ ಬಗ್ಗೆ ಯಾರೂ ಆಕ್ಷೇಪಿಸಲಿಲ್ಲ. ಅದರ ಫೋಟೋಗಳನ್ನೂ ತೆಗೆದುಕೊಂಡರು, ಗರಗತ್ತಿ ಎಲೆಯದೂ ಒಂದು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಬೇಸಿಗೆಗೆ ಮೊದಲು ಸಾಗರದಲ್ಲಿ ಮೂರು ತಾಲ್ಲೂಕುಗಳ ಶಿಕ್ಷಕಿಯರಿಗೆ ಅದೇ ಸಂಸ್ಥೆಯ ಕಾರ್ಯಾಗಾರ ನಡೆಯಿತು. ಶಿಕ್ಷಕಿಯ ಜೊತೆ ನಾನೂ ಹೋದೆ. ಸಲಹೆಗಾರರು ಪರದೆಯ ಮೇಲೆ ನಮ್ಮ ಗೋಡೆಯನ್ನು ತೋರಿಸಿದರು, ಮುಂದಿನ ಚಿತ್ರದಲ್ಲಿ ಎಲೆಯನ್ನು. ಗರಗತ್ತಿ ಎಲೆಯಿಂದ ಗೋಡೆಯನ್ನು ಉಜ್ಜಿ ಮಕ್ಕಳ ಬರವಣಿಗೆಗೆ ಹದಗೊಳಿಸುವುದು ಮಲೆನಾಡಿನ ಪೂರ್ವಿಕರು ಬಲ್ಲ ವಿದ್ಯೆ ಎಂದು ವಿವರಿಸಿದರು. ಬರುವ ವರ್ಷದ ವಿಷಯಪಟ್ಟಿಯಲ್ಲಿ ಇದಕ್ಕೊಂದು ವಾರ ಮೀಸಲಿಡಲಾಗಿದೆ ಎಂದೂ ಹೇಳಿದರು. ಮೇಗರವಳ್ಳಿಯ ಕಡೆಯಿಂದ ಬಂದ ಒಬ್ಬ ಶಿಕ್ಷಕಿ ಎದ್ದು, ತಮ್ಮ ಅಂಗನವಾಡಿಗೆ ಇನ್ನೂ ಬಣ್ಣವೇ ಬಂದಿಲ್ಲ, ಮೊದಲು ಆಯಿಲ್ ಪೇಂಟು ಹೊಡೆಸಿ ಆಮೇಲೆ ಉಜ್ಜಬೇಕೇ ಎಂದು ಕೇಳಿದಳು. ಕೇಳಿದ್ದು ತಮಾಷೆಗಲ್ಲ, ಆಕೆಗೆ ನಿಜವಾಗಿಯೂ ತಿಳಿಯಬೇಕಿತ್ತು. ಅವರು ಒಂದು ಕ್ಷಣ ಯೋಚಿಸಿ, ಪ್ರಕ್ರಿಯೆ ಪೂರ್ತಿಯಾಗಬೇಕಾದರೆ ಹೌದು ಎಂದರು.

ನನಗೆ ಕುಳಿತಿರಲು ಆಗಲಿಲ್ಲ.

"ಪೂರ್ವಿಕರ ಕಾಲ್ದಲ್ಲಿ ಆಯಿಲ್ ಪೇಂಟ್ ಇತ್ತನಾ ಸ್ವಾಮಿ? ನೀವು ಬಳ್ದಿದ್ದನ್ನ ತೆಗೆಯಕ್ಕೆ ನಮ್ ಟೀಚರ್ ಹೋದ ಭೂಮಿ ಹುಣ್ಣಿಮೆಗೆ ಮಾಡಿದ್ದು ಅದು. ಇಲ್ಲೇ ಕೂತಿದಾಳೆ, ಕೇಳಿ."

ಸಭೆಯಲ್ಲಿ ನಗು ಎದ್ದಿತು. ಅವರೂ ನಕ್ಕು, ಹಿರಿಯರ ಅಭಿಪ್ರಾಯವನ್ನೂ ದಾಖಲಿಸಿಕೊಳ್ಳೋಣ ಎಂದು ಮುಂದಿನ ಚಿತ್ರಕ್ಕೆ ಹೋದರು. ಆದರೆ ಊಟದ ಹೊತ್ತಿನಲ್ಲಿ ಶಿಕ್ಷಕಿಯರು ಅವರ ಸುತ್ತ ನಿಲ್ಲಲಿಲ್ಲ, ನಮ್ಮ ಶಿಕ್ಷಕಿಯ ಸುತ್ತ ನಿಂತರು. ಬಣ್ಣ ಬಂದಿರುವ ಅಂಗನವಾಡಿಯವರು ಎಲೆ ಸಿಗದಿದ್ದರೆ ಏನು ಮಾಡುವುದೆಂದು ಕೇಳಿದರು; ಅಂಗಡಿಯ ಉಪ್ಪುಕಾಗದವೂ ಸಾಕು ಎಂದು ಆಕೆ ಹೇಳಿದಳು. ಮೇಗರವಳ್ಳಿಯ ಕಡೆಯವಳಿಗೆ, ನಿಂಗೆ ಎಂತದೂ ಬೇಡ, ಗ್ವಾಡಿಗೆ ಬಣ್ಣ ಬರದ ಹಂಗೆ ನೋಡ್ಕ ಸಾಕು ಎಂದಳು.

ಹಿಂದಿರುಗುವ ಬಸ್ಸಿನಲ್ಲಿ ಆಕೆ ನನ್ನ ಸಿಟ್ಟನ್ನು ಇಳಿಸಲು ನೋಡಿದಳು. ಹೋಗಲಿ ಬಿಡಿ ಅಜ್ಜಿ, ಗೋಡೆ ಉಳಿಯಿತಲ್ಲ ಎಂದಳು. ಗೋಡೆ ಉಳಿದದ್ದು ನಿಜ. ಅದನ್ನು ಉಳಿಸಿದವಳು ಪಕ್ಕದಲ್ಲಿ ಕುಳಿತು ಕಡಲೆ ತಿನ್ನುತ್ತಿದ್ದಳು. ಪರದೆಯ ಮೇಲೆ ಅವಳ ಜಾಗದಲ್ಲಿ ಪೂರ್ವಿಕರಿದ್ದರು. ಇನ್ನು ಕೆಲವು ವರ್ಷಗಳಲ್ಲಿ ಯಾರಾದರೂ ಬಂದು, ನಿಮ್ಮ ಅಜ್ಜಂದಿರು ಗರಗತ್ತಿ ಗೋಡೆಯ ಮುಂದೆ ಕಲಿತರು ಎಂದು ಹಳ್ಳದಾಚೆಯ ಆ ಹುಡುಗಿಗೇ ಹೇಳುತ್ತಾರೆ. ಅವಳು ಆಗ ಎದ್ದು ನಿಂತು, ಅಲ್ಲ, ಮೊದಲ ಗೆರೆ ಎಳೆದವಳು ನಾನು ಎನ್ನಬೇಕು. ಮಾತು ಅವಳ ಬಾಯಿಗೆ ಬರದೇ ಹೋದರೆ ಇದನ್ನು ಓದಿ ಹೇಳಲಿ.

ಮರುದಿನ ಶನಿವಾರ. ನಾನು ಹೋದಾಗ ಮಕ್ಕಳು ಒದ್ದೆ ಬಟ್ಟೆ ಹಿಡಿದು ಗೋಡೆ ಒರೆಸುತ್ತಿದ್ದರು. ಹುಡುಗಿ ಸಂಕವನ್ನು ತಾನೇ ಒರೆಸಿ, ಶೇಡಿಯ ಬಿಳಿ ನೀರನ್ನು ಹೊರಗೆ ಚೆಲ್ಲಿ, ಒಣಗಲು ಎಷ್ಟು ಹೊತ್ತು ಬೇಕೆಂದು ಟೀಚರನ್ನು ಕೇಳುತ್ತಿದ್ದಳು.